ಸಾಲ್ಜ್‌ಬರ್ಗ್‌ನಲ್ಲಿ ಬೀಬರ್‌ನ ಜಪಸರ ಸೊನಾಟಗಳು: ನಾಲ್ಕು ತಂತಿ, ಹದಿನೈದು ಶ್ರುತಿ

ಮೊದಲೇ ಹೇಳ್ಬಿಡ್ತೀನಿ, ಕರ್ನಾಟಕ ಸಂಗೀತ ಕೇಳಿ ಬೆಳೆದವ್ರು, ಅದ್ರಲ್ಲೂ ವಯೊಲಿನ್ ಸ್ವಲ್ಪನಾದ್ರೂ ಕೈಯಲ್ಲಿ ಹಿಡಿದವ್ರು, ಈ ಕಡೆ ಜರ್ಮನಿ ಆಸ್ಟ್ರಿಯಾದಲ್ಲಿ ಇದ್ರೆ ಅಥ್ವಾ ಬರೋ ಪ್ಲಾನ್ ಇದ್ರೆ, ಬೀಬರ್‌ನ ರೋಸರಿ ಸೊನಾಟ (ಬೀಬರ್ ಅಂದ್ರೆ ಹಳೇ ಕಾಲದ ವಯೊಲಿನ್ ವಿದ್ವಾಂಸ, ರೋಸರಿ ಅಂದ್ರೆ ಕ್ಯಾಥೊಲಿಕರ ಜಪಸರ, ಸೊನಾಟ ಅಂದ್ರೆ ವಾದ್ಯಕ್ಕೆ ಬರೆದ ಕೃತಿ) ಅಂತ ಎಲ್ಲಾದ್ರೂ ಪೋಸ್ಟರ್ ಕಂಡ್ರೆ ಹಿಂದೆಮುಂದೆ ನೋಡ್ದೆ ಟಿಕೆಟ್ ತಗೊಳ್ಳಿ. ವೆಸ್ಟರ್ನ್ ಕ್ಲಾಸಿಕಲ್ ಅಂದ್ರೆ ನಮಗೆ ಅರ್ಥ ಆಗಲ್ಲ ಅನ್ನೋರಿಗೂ ಇದನ್ನೇ ಹೇಳ್ತೀನಿ. ಯಾಕಂದ್ರೆ ಇಡೀ ಕಛೇರಿ ನಿಂತಿರೋದು ನಮಗೆ ಚೆನ್ನಾಗಿ ಗೊತ್ತಿರೋ ಒಂದೇ ವಿಷಯದ ಮೇಲೆ, ಶ್ರುತಿ ಬದಲಾದ್ರೆ ಅದೇ ವಾದ್ಯ ಬೇರೆ ವಾದ್ಯ ಆಗುತ್ತೆ ಅನ್ನೋದ್ರ ಮೇಲೆ.

ನಾನು ಕೇಳಿದ್ದು ಸಾಲ್ಜ್‌ಬರ್ಗ್‌ನ ಹಳೇ ಊರಿನ ಒಂದು ಚರ್ಚ್‌ನಲ್ಲಿ, ಅಕ್ಟೋಬರ್‌ನ ಒಂದು ಶನಿವಾರ ಸಂಜೆ. ಅಕ್ಟೋಬರ್ ಕ್ಯಾಥೊಲಿಕರಿಗೆ ಜಪಸರದ ತಿಂಗಳು, 7ನೇ ತಾರೀಕು ಜಪಸರ ಮಾತೆಯ ಹಬ್ಬ, 1571ರ ಲೆಪಾಂಟೊ ನೌಕಾಯುದ್ಧದ ನೆನಪಿಗೆ ಶುರುವಾಗಿದ್ದು, ಹಾಗಾಗಿ ಈ ಸೊನಾಟಗಳನ್ನ ಈ ತಿಂಗಳಲ್ಲಿ ಇಡೋದು ಜಾಸ್ತಿ. ಜೊತೆಗೆ ಬಂದಿದ್ದ ನನ್ನ ಸಹೋದ್ಯೋಗಿ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಮನೇಲಿ ದಿನಾ ಸಂಜೆ ಎಲ್ಲರೂ ಕೂತು ತೆರ್ಸ್, ಅಂದ್ರೆ ಕೊಂಕಣಿಯಲ್ಲಿ ಜಪಸರ, ಹೇಳಿ ಬೆಳೆದವ್ರು, ಅವ್ರಿಗೆ ಸಂಗೀತ ಹೊಸದು ಆದ್ರೆ ಕಥೆ ಬಾಯಿಪಾಠ, ನನಗೆ ವಯೊಲಿನ್ ಗೊತ್ತು ಕಥೆ ಅಷ್ಟಕ್ಕಷ್ಟೆ, ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಪಿಸುಗುಟ್ಟಿಕೊಂಡು ಕೇಳಿದ್ವಿ.

ಗೊತ್ತಿಲ್ಲದವ್ರಿಗೆ ಸ್ವಲ್ಪ ಹಿನ್ನೆಲೆ. ಹೈನ್ರಿಶ್ ಇಗ್ನಾಜ್ ಫ್ರಾನ್ಜ್ ಬೀಬರ್ 1644ರಲ್ಲಿ ಬೊಹೀಮಿಯಾದಲ್ಲಿ, ಅಂದ್ರೆ ಈಗಿನ ಚೆಕ್ ದೇಶದಲ್ಲಿ ಹುಟ್ಟಿದವರು. ಮೊದಲು ಮೊರಾವಿಯಾದ ಕ್ರೊಮೆಜಿಶ್‌ನಲ್ಲಿ ಬಿಷಪ್ ಹತ್ರ ಕೆಲಸಕ್ಕಿದ್ರು. 1670ರಲ್ಲಿ ಆ ಬಿಷಪ್ ಇವರನ್ನ ಸ್ಟೈನರ್ ಅನ್ನೋ ಹೆಸರಾಂತ ವಯೊಲಿನ್ ತಯಾರಕನ ಹತ್ರ ವಾದ್ಯ ತರೋಕೆ ಕಳಿಸಿದ್ರೆ, ಇವರು ವಾಪಸ್ ಹೋಗ್ಲೇ ಇಲ್ಲ, ಸೀದಾ ಸಾಲ್ಜ್‌ಬರ್ಗ್‌ಗೆ ಬಂದು ಅಲ್ಲಿನ ಆರ್ಚ್‌ಬಿಷಪ್ ಮ್ಯಾಕ್ಸ್ ಗಂಡೋಲ್ಫ್ ಹತ್ರ ಸೇರ್ಕೊಂಡ್ರು, 1684ರಲ್ಲಿ ಅಲ್ಲಿನ ಮುಖ್ಯ ಸಂಗೀತಗಾರ ಆದ್ರು, 1704ರಲ್ಲಿ ಅಲ್ಲೇ ತೀರ್ಕೊಂಡ್ರು. ಸಾಲ್ಜ್‌ಬರ್ಗ್ ಅಂದ್ರೆ ಮೊಜಾರ್ಟ್, ಚಾಕ್ಲೇಟ್ ಡಬ್ಬಿ ಮೇಲೂ ಮೊಜಾರ್ಟ್ ಮುಖ, ಆದ್ರೆ ಮೊಜಾರ್ಟ್ ಹುಟ್ಟೋಕೆ ಅರ್ಧ ಶತಮಾನ ಮುಂಚೆನೇ ಆ ಊರಲ್ಲಿ ಇಂಥ ವಯೊಲಿನ್ ವಿದ್ವಾಂಸ ಬಾಳಿ ಹೋಗಿದ್ದಾರೆ.

ಈ ಸೊನಾಟಗಳನ್ನ ಬರೆದು ಅರ್ಪಿಸಿದ್ದು ಆ ಆರ್ಚ್‌ಬಿಷಪ್‌ಗೇ. ಇಡೀ ಸಂಗ್ರಹದ ಕೈಬರಹದ ಪ್ರತಿ ಒಂದೇ ಒಂದು ಉಳಿದಿದೆ, ಅದು ಮ್ಯೂನಿಕ್‌ನ ಬವೇರಿಯನ್ ಸ್ಟೇಟ್ ಲೈಬ್ರರಿಯಲ್ಲಿದೆ, ಮೊದಲ ಪುಟ ಕಳೆದುಹೋಗಿದೆ, ಹಾಗಾಗಿ ಅವರು ಇದಕ್ಕೆ ಇಟ್ಟ ಹೆಸರೇ ನಮಗಿಲ್ಲ. ಜಪಸರದ ಹದಿನೈದು ರಹಸ್ಯಕ್ಕೆ, ಅಂದ್ರೆ ಯೇಸು ಮತ್ತೆ ಮರಿಯಮ್ಮನ ಕಥೆಯ ಹದಿನೈದು ಘಟನೆಗೆ, ಹದಿನೈದು ಸೊನಾಟ, ಕೊನೆಗೆ ಒಂಟಿ ವಯೊಲಿನ್‌ಗೆ ಒಂದು ಪಸಕಾಲಿಯ (ಒಂದೇ ಸ್ವರಸಾಲು ಮತ್ತೆ ಮತ್ತೆ ಬರೋ ರಚನೆ), ಒಟ್ಟು ಹದಿನಾರು. ಪ್ರತಿ ಸೊನಾಟದ ತಲೆ ಮೇಲೆ ತಾಮ್ರಪಟದಲ್ಲಿ ಅಚ್ಚು ಮಾಡಿದ ಒಂದು ಪುಟ್ಟ ಚಿತ್ರ ಅಂಟಿಸಿದೆ, ಯಾವ ಸೊನಾಟ ಯಾವ ಘಟನೆಗೆ ಅಂತ ತಿಳಿಯೋದು ಆ ಚಿತ್ರದಿಂದ. ಅಚ್ಚಾಗಿದ್ದು ಯಾವಾಗ ಗೊತ್ತಾ, 1905ರಲ್ಲಿ! ಇನ್ನೂರು ವರ್ಷಕ್ಕೂ ಮೇಲೆ ಸುಮ್ನೆ ಕಪಾಟಲ್ಲಿ ಮಲಗಿತ್ತು.

ಜಪಸರ ಹೇಗೆ ಅಂದ್ರೆ, ಒಂದೊಂದು ರಹಸ್ಯ ಮನಸ್ಸಲ್ಲಿ ಇಟ್ಕೊಂಡು ಹತ್ತು ಹತ್ತು ನಮೋ ಮರಿಯಾ ಹೇಳ್ತಾ ಹೋಗೋದು. ಸಂತೋಷದ್ದು ಐದು, ದುಃಖದ್ದು ಐದು, ಮಹಿಮೆಯದ್ದು ಐದು. ಈಗ ಬೆಳಕಿನ ರಹಸ್ಯಗಳು ಅಂತ ಇನ್ನೂ ಐದು ಇವೆಯಲ್ಲ ಅವಕ್ಕೆ ಸಂಗೀತ ಎಲ್ಲಿ ಅಂತ ನನ್ನ ಜೊತೆಗಿದ್ದವರು ಕೇಳಿದ್ರು, ಅವು ಎರಡನೇ ಜಾನ್ ಪಾಲ್ ಪೋಪ್ ಆಗಿದ್ದಾಗ 2002ರಲ್ಲಿ ಸೇರಿಸಿದ್ದು, ಬೀಬರ್ ಕಾಲಕ್ಕೆ ಇರಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಪಾಶ್ಚಾತ್ಯ ವಯೊಲಿನ್‌ನ ನಾಲ್ಕು ತಂತಿ ಯಾವಾಗ್ಲೂ ಜಿ, ಡಿ, ಎ, ಇ. ನಮ್ಮಲ್ಲಿ ಸ, ಪ, ಸ, ಪ, ಹಾಡೋರ ಶ್ರುತಿಗೆ ತಕ್ಕಂತೆ ಏರಿಸ್ತೀವಿ ಇಳಿಸ್ತೀವಿ. ಅವರಲ್ಲಿ ಆ ಜಿಡಿಎಇ ಸಾಮಾನ್ಯವಾಗಿ ಮುಟ್ಟೋ ಹಾಗೇ ಇಲ್ಲ, ಬೀಬರ್ ಮಾತ್ರ ಇಲ್ಲಿ ಮೊದಲನೇ ಸೊನಾಟ ಮತ್ತೆ ಕೊನೆಯ ಪಸಕಾಲಿಯ ಬಿಟ್ಟು ಮಿಕ್ಕ ಹದಿನಾಲ್ಕರಲ್ಲೂ ಬೇರೆ ಬೇರೆ ಶ್ರುತಿ ಇಟ್ಟಿದ್ದಾರೆ, ಒಂದರಂತೆ ಇನ್ನೊಂದಿಲ್ಲ. ಇದಕ್ಕೆ ಸ್ಕೋರ್ಡಟೂರ ಅಂತಾರೆ. ಸ್ವರಲಿಪಿ ಬರೆದಿರೋದು ಬೆರಳು ಎಲ್ಲಿ ಇಡ್ಬೇಕು ಅನ್ನೋ ಲೆಕ್ಕದಲ್ಲಿ, ಅಂದ್ರೆ ನುಡಿಸೋರು ಕಣ್ಣಲ್ಲಿ ಓದೋದು ಒಂದು ಸ್ವರ, ಕಿವಿಗೆ ಬೀಳೋದು ಇನ್ನೊಂದು. ಇದು ಎಂಥ ಕಷ್ಟ ಅಂತ ವಯೊಲಿನ್ ಹಿಡಿದವರಿಗೇ ಗೊತ್ತು, ಬೆರಳು ಸ್ವಲ್ಪ ಆಚೀಚೆ ಆಗಿದೆ ಅಂತ ಕಿವಿ ಹೇಳಿ ತಾನೇ ನಾವು ಸರಿ ಮಾಡ್ಕೊಳ್ಳೋದು, ಇಲ್ಲಿ ಕಣ್ಣು ಕಿವಿ ಎರಡೂ ಬೇರೆ ಬೇರೆ ಮಾತಾಡ್ತವೆ.

ನುಡಿಸಿದಾಕೆಗೆ ಮೂವತ್ತೈದು ನಲವತ್ತು ವಯಸ್ಸಿರಬಹುದು, ಜೊತೆಗೆ ಪುಟ್ಟ ಪೆಟ್ಟಿಗೆ ಆರ್ಗನ್, ಪಿಯಾನೊ ಥರ ಕಾಣೋ, ತಂತಿ ಮೀಟೋ ಹಾರ್ಪ್ಸಿಕಾರ್ಡ್, ಉದ್ದ ಕುತ್ತಿಗೆಯ ತಂತಿವಾದ್ಯ ಥಿಯೋರ್ಬೊ, ಮೊಣಕಾಲ ಮಧ್ಯೆ ಇಟ್ಕೊಂಡು ನುಡಿಸೋ ವಯೋಲ ದ ಗಾಂಬ. ಬಲಿಪೀಠದ ಮುಂದೆ ಒಂದು ಮೇಜು, ಅದರ ಮೇಲೆ ಬಟ್ಟೆ ಹಾಸಿ ಸಾಲಾಗಿ ಐದು ವಯೊಲಿನ್. ಯಾಕೆ ಐದು ಅಂದ್ರೆ ತಂತಿ ಸ್ಟೀಲ್ ಅಲ್ಲ, ಕುರಿ ಕರುಳಿಂದ ಮಾಡಿದ್ದು, ಹೊಸ ಶ್ರುತಿಗೆ ತಂದು ನಿಲ್ಲಿಸಿದ್ರೆ ತಕ್ಷಣ ನಿಲ್ಲಲ್ಲ, ಜಗ್ತಾ ಇರುತ್ತೆ, ಅದಕ್ಕೇ ಒಂದು ನುಡಿಸ್ತಿರುವಾಗ ಪಕ್ಕದ ಕೋಣೇಲಿ ಒಬ್ಬ ಹುಡುಗ ಇನ್ನೊಂದನ್ನ ಮುಂದಿನ ಶ್ರುತಿಗೆ ಸೇರಿಸ್ತಾ ಇದ್ದ. ಗದ್ದಕ್ಕೆ ಆಸರೆ ಇಲ್ಲ, ಭುಜಕ್ಕೆ ಆಸರೆ ಇಲ್ಲ, ಕತ್ತಿನ ಕೆಳಗಿನ ಮೂಳೆ ಮೇಲೆ ಸುಮ್ನೆ ಇಟ್ಕೊಂಡು ನಿಂತಿದ್ರು, ಕಮಾನು ಈಗಿನದಕ್ಕಿಂತ ಗಿಡ್ಡ, ಹೊರಗಡೆಗೆ ಬಾಗಿರುತ್ತೆ. ನಾದ ದೊಡ್ಡದಿಲ್ಲ, ಸ್ವಲ್ಪ ಒರಟು, ಉಸಿರಾಡೋ ಥರ ಇದೆ. ಗಮಕ ಹುಡುಕಬೇಡಿ, ಸ್ವರ ನೆಟ್ಟಗೆ ನಿಲ್ಲುತ್ತೆ, ಸಿಂಗಾರ ಬರೋದು ತ್ರಿಲ್‌ಗಳಲ್ಲಿ (ಅಕ್ಕಪಕ್ಕದ ಎರಡು ಸ್ವರ ಬೇಗ ಬೇಗ ಅದಲುಬದಲು ನುಡಿಸೋದು) ಮತ್ತೆ ಓಟದಲ್ಲಿ.

ಮೊದಲನೇದು ಮಂಗಳವಾರ್ತೆ, ದೇವದೂತ ಬಂದು ಮರಿಯಮ್ಮನಿಗೆ ಸುದ್ದಿ ಹೇಳೋದು. ಕೆಳಗಡೆ ಆರ್ಗನ್‌ನಲ್ಲಿ ಒಂದೇ ಸ್ವರ ಹಿಡಿದು ನಿಲ್ಲಿಸಿದ್ದಾರೆ, ಮೇಲೆ ವಯೊಲಿನ್ ಪಟಪಟ ಅಂತ ರೆಕ್ಕೆ ಬಡೀತಾ ಓಡುತ್ತೆ. ಆ ಹಿಡಿದ ಸ್ವರ ಕೇಳಿದ ಕೂಡ್ಲೇ ನನಗೆ ತಂಬೂರಿ ಸಿಕ್ಕಂಗಾಯ್ತು, ಇನ್ನು ನನ್ನ ಪಾಡಿಗೆ ನಾನು ಕೂತ್ಕೊಳ್ಳಬಹುದು ಅನ್ನಿಸ್ತು.

ಎರಡನೇದು ಮರಿಯಮ್ಮ ಎಲಿಜಬೇತಮ್ಮನನ್ನ ನೋಡೋಕೆ ಹೋಗೋದು. ಇದರ ಶ್ರುತಿ ಎ, ಇ, ಎ, ಇ. ನೋಡಿ, ಇದು ನಮ್ಮದೇ ಸ ಪ ಸ ಪ! ಕರ್ನಾಟಕ ವಯೊಲಿನ್ ಹೇಗೆ ಶ್ರುತಿ ಮಾಡ್ತೀವೋ ಅದೇ ಅಂತರ, ಅದೇ ಕ್ರಮ. ನಮ್ಮ ದೇಶದಲ್ಲಿ ವಯೊಲಿನ್ ಕಛೇರಿಗೆ ಬರೋಕೆ ನೂರು ವರ್ಷಕ್ಕೂ ಮೊದಲೇ ಸಾಲ್ಜ್‌ಬರ್ಗ್‌ನಲ್ಲಿ ಒಬ್ಬರು ಇದೇ ಶ್ರುತಿಗೆ ತಂತಿ ಎಳೆದು ನುಡಿಸಿದ್ರು ಅಂದ್ರೆ ಮೈ ಜುಮ್ ಅನ್ನಲ್ವಾ. ಎಳೆದ ತಕ್ಷಣ ಗೊತ್ತಾಗುತ್ತೆ, ಒಂದು ತಂತಿ ಮುಟ್ಟಿದ್ರೆ ಮಿಕ್ಕ ಮೂರೂ ಜೊತೆಗೆ ಮೊಳಗ್ತವೆ, ಇಡೀ ಪೆಟ್ಟಿಗೆ ತುಂಬಿಕೊಳ್ಳುತ್ತೆ. ಇಬ್ಬರು ಬಸುರಿ ಹೆಂಗಸರು ಒಬ್ಬರನ್ನೊಬ್ಬರು ನೋಡಿ ಖುಷಿ ಪಡೋ ಘಟನೆಗೆ ಇದಕ್ಕಿಂತ ಒಳ್ಳೇ ಶ್ರುತಿ ಯಾವುದಿದೆ ಹೇಳಿ.

ಮೂರು, ನಾಲ್ಕು, ಐದು ಚೆನ್ನಾಗಿದ್ವು, ಅವುಗಳ ಬಗ್ಗೆ ಉದ್ದ ಬರೆಯಲ್ಲ. ನಾಲ್ಕರಲ್ಲಿ ಒಂದೇ ಮಂದ್ರದ ನಡೆ ಇಟ್ಕೊಂಡು ಅದರ ಮೇಲೆ ಹೊಸ ಹೊಸದಾಗಿ ಬೆಳೆಸ್ತಾರೆ, ಥಿಯೋರ್ಬೊ ಅವರು ಅಲ್ಲಿ ಬಹಳ ಸುಖವಾಗಿ ನುಡಿಸಿದ್ರು.

ಆಮೇಲೆ ಆರನೇದು. ಸಂಜೆಯ ತಿರುಳು ಅಂದ್ರೆ ನನಗೆ ಇದೇ. ಗೆತ್ಸೆಮನೆ ತೋಟದಲ್ಲಿ ಯೇಸು ಒಬ್ಬನೇ ಸಂಕಟ ಪಡೋದು, ಶುರುವಿನಲ್ಲೇ ಲಮೆಂಟೊ, ಅಂದ್ರೆ ಪ್ರಲಾಪ, ಅಂತ ಬರೆದಿದ್ದಾರೆ. ಶ್ರುತಿ ಹೇಗಿದೆ ಅಂದ್ರೆ ಕೆಳಗಿನ ಎರಡು ತಂತಿ ಅರ್ಧ ಮನೆ (ಅರ್ಧ ಸ್ವರದಷ್ಟು) ಏರಿಸಿ, ಮೇಲಿನ ಎರಡು ತಂತಿ ಒಂದು ಪೂರ್ತಿ ಮನೆ ಇಳಿಸ್ಬೇಕು. ಏನಾಯ್ತು ಈಗ? ಕೆಳಗೆ ಒಂದು ಸ ಪ ಜೋಡಿ, ಮೇಲೆ ಇನ್ನೊಂದು ಸ ಪ ಜೋಡಿ, ಆದ್ರೆ ಎರಡು ಷಡ್ಜಕ್ಕೂ ಅರ್ಧ ಮನೆ ವ್ಯತ್ಯಾಸ. ಒಂದೇ ವಯೊಲಿನ್ ಒಳಗೆ ಎರಡು ಶ್ರುತಿಪೆಟ್ಟಿಗೆ ಕೂತಿವೆ, ಒಂದನ್ನೊಂದು ಒಪ್ಪಲ್ಲ. ಎರಡನೇ ಸೊನಾಟದಲ್ಲಿ ಯಾವ ವಾದ್ಯ ಅಷ್ಟು ಮೊಳಗ್ತಿತ್ತೋ ಇಲ್ಲಿ ಅದರ ಗಂಟಲು ಕಟ್ಟಿದೆ, ಯಾವ ತಂತಿಯೂ ಇನ್ನೊಂದಕ್ಕೆ ಆಸರೆ ಕೊಡಲ್ಲ, ನುಡಿಸಿದ ಸ್ವರ ಅಲ್ಲೇ ನಿಂತು ಸೊರಗುತ್ತೆ. ಶಿಷ್ಯರೆಲ್ಲ ನಿದ್ದೆ ಮಾಡ್ತಿದ್ದಾರೆ, ಒಬ್ಬನೇ ಎಚ್ಚರ ಇದ್ದಾನೆ ಅಂತ ಜೊತೆಗಿದ್ದವರು ಕಿವೀಲಿ ಹೇಳಿದ್ರು, ಆ ಒಂಟಿತನವನ್ನ ರಾಗದಿಂದ ಹೇಳೋದು ಒಂದು, ಮರದ ಪೆಟ್ಟಿಗೆಯಿಂದಲೇ ಹೇಳಿಸೋದು ಇನ್ನೊಂದು. ಆಕೆ ಇಲ್ಲಿ ಎಲ್ಲೂ ಅವಸರ ಮಾಡ್ಲಿಲ್ಲ, ಕಮಾನಿನ ತುದೀಲಿ, ಸ್ವರ ಬಿಟ್ಟೂ ಬಿಡದ ಹಾಗೆ ಎಳೆದ್ರು, ನಡುವೆ ಒಂದು ಕಡೆ ಪೂರ್ತಿ ನಿಲ್ಲಿಸಿ ಉಸಿರು ತಗೊಂಡು ಮತ್ತೆ ಶುರು ಮಾಡಿದ್ದು ಇದೆಯಲ್ಲ, ಅದೊಂದಕ್ಕೇ ಕೊಟ್ಟ ದುಡ್ಡು ಬಂತು.

ಏಳು, ಎಂಟು, ಒಂಬತ್ತು ಚಾಟಿ ಏಟು, ಮುಳ್ಳಿನ ಕಿರೀಟ, ಶಿಲುಬೆ ಹೊರೋದು. ಏಳರಲ್ಲಿ ನಾಲ್ಕು ತಂತೀನೂ ಒಂದೇ ಸ್ಥಾಯಿ ಒಳಗೆ ಹತ್ತಿರ ಹತ್ತಿರ ತಂದಿದ್ದಾರೆ, ಎಲ್ಲಕ್ಕಿಂತ ಕೆಳಗಿನ ತಂತೀನ ನಾಲ್ಕು ಸ್ವರದಷ್ಟು ಮೇಲಕ್ಕೆ ಎಳೀಬೇಕು, ಆ ಬಿಗಿ ಕಿವಿಗೆ ಕೇಳಿಸುತ್ತೆ, ವಾದ್ಯಕ್ಕೇ ನೋವಾಗ್ತಿದೆಯೇನೋ ಅನ್ಸುತ್ತೆ. ಹತ್ತನೇದು ಶಿಲುಬೆಗೇರಿಸೋದು, ಶುರುವಲ್ಲೇ ಮೊಳೆ ಹೊಡೆಯೋ ಪೆಟ್ಟು, ಕೊನೇಲಿ ಭೂಕಂಪ. ಈ ಹತ್ತನೇದಕ್ಕೆ ಒಂದು ವಿಚಿತ್ರ ಕಥೆ ಇದೆ, ಬೇರೊಂದು ಹಸ್ತಪ್ರತೀಲಿ ಇದೇ ಸಂಗೀತವನ್ನ 1683ರ ವಿಯೆನ್ನಾ ಯುದ್ಧದ ಕಥೆಗೆ ಹೊಂದಿಸಿ, ತುರ್ಕರ ದಾಳಿ, ಓಟ ಅಂತೆಲ್ಲ ತಲೆಬರಹ ಕೊಟ್ಟು ಬರೆದಿಟ್ಟಿದ್ದಾರೆ. ಶಿಲುಬೆಯ ಕಥೆಯೇ ಯುದ್ಧದ ಕಥೆಯಾಯ್ತು. ಮಾತಿಲ್ಲದ ಸಂಗೀತಕ್ಕೆ ಆ ಪುಟ್ಟ ಚಿತ್ರಗಳು ಎಷ್ಟು ಮುಖ್ಯ ಅಂತ ಇದರಿಂದಲೇ ತಿಳಿಯುತ್ತೆ. ಇಲ್ಲಿ ಹಾರ್ಪ್ಸಿಕಾರ್ಡ್ ಸ್ವಲ್ಪ ಜೋರಾಯ್ತು, ಭೂಕಂಪದ ಓಟದಲ್ಲಿ ವಯೊಲಿನ್ ಅರ್ಧ ಮುಚ್ಚಿಹೋಯ್ತು, ಪಕ್ಕವಾದ್ಯ ಅಲ್ಲಿ ಒಂದು ಹೆಜ್ಜೆ ಹಿಂದೆ ಇರಬೇಕಿತ್ತು.

ವಿರಾಮ. ಆಮೇಲೆ ಹನ್ನೊಂದು, ಪುನರುತ್ಥಾನ. ಈ ವಯೊಲಿನ್ ನೋಡೋಕೇ ಬೇರೆ. ಕಛೇರಿ ಮುಗಿದ ಮೇಲೆ ಮುಂದೆ ಹೋಗಿ ಕೇಳಿಕೊಂಡ್ರೆ ಆಕೆ ಎತ್ತಿ ತೋರಿಸಿದ್ರು. ನಡುವಿನ ಎರಡು ತಂತಿಗಳನ್ನ ಅದಲು ಬದಲು ಹಾಕಿದ್ದಾರೆ, ಕುದುರೆ (ತಂತಿಗಳನ್ನ ಎತ್ತಿ ಹಿಡಿಯೋ ಮರದ ತುಂಡು) ಆಚೆ ಒಂದು ಸಲ, ಮೇಲೆ ತಂತಿ ಬಿಗಿಯೋ ಬಿರಡೆ ಪೆಟ್ಟಿಗೆ ಹತ್ರ ಇನ್ನೊಂದು ಸಲ, ಎರಡು ಕಡೆನೂ ತಂತಿ ಮೇಲೆ ತಂತಿ ದಾಟಿ ಹೋಗುತ್ತೆ. ಕುದುರೆ ಹಿಂದೆ ಅವು ದಾಟೋ ಜಾಗ ನೋಡಿದ್ರೆ ಶಿಲುಬೆ, ಸ್ಪಷ್ಟವಾಗಿ ಶಿಲುಬೆ. ಒಂದರ ಮೇಲೊಂದು ಉಜ್ಜಿ ಹರೀಬಾರದು ಅಂತ ಕೆಳಗಿನ ತಂತಿಗೆ ಚರ್ಮದ ಸಣ್ಣ ಚೂರು ಸುತ್ತಿದ್ರು. ಹತ್ತನೇದ್ರಲ್ಲಿ ಶಿಲುಬೆಗೇರಿಸೋ ಕಥೆ ಮುಗೀತು, ಮೂರನೇ ದಿನ ಎದ್ದು ಬಂದ ಕಥೆಗೆ ವಾದ್ಯವೇ ಶಿಲುಬೆ ಹೊತ್ತು ನಿಂತಿದೆ. ಅದು ಬರೀ ತೋರಿಕೆಗೆ ಅಲ್ಲ. ಹೀಗೆ ದಾಟಿಸಿದಾಗ ಅಕ್ಕಪಕ್ಕದ ತಂತಿಗಳು ಸ ಮತ್ತು ಮೇಲಿನ ಸ ಆಗ್ತವೆ, ಒಂದು ಬೆರಳು ಎರಡರ ಮೇಲೂ ಒತ್ತಿದ್ರೆ ಎರಡು ಸ್ಥಾಯೀಲಿ ಒಂದೇ ಸ್ವರ. ಹಳೇ ಈಸ್ಟರ್ ಗೀತೆಯೊಂದು, ಕ್ರಿಸ್ತ ಇಂದು ಎದ್ದ ಅನ್ನೋ ಲ್ಯಾಟಿನ್ ಹಾಡು, ಆ ಜೋಡಿ ಸ್ಥಾಯೀಲಿ ಬಂದಾಗ ಒಬ್ಬರೇ ನುಡಿಸ್ತಿದ್ದಾರೆ ಅಂತ ನಂಬೋಕಾಗಲ್ಲ, ಗಂಡಸರು ಹೆಂಗಸರು ಸೇರಿ ಹಾಡಿದಂಗಿತ್ತು. ನನಗೆ ಅಲ್ಲಿ ನಮ್ಮ ತಿರುಮಕೂಡಲು ಚೌಡಯ್ಯನವರು ನೆನಪಾದ್ರು. ಮೈಕ್ ಇಲ್ಲದ ಕಾಲದಲ್ಲಿ ನಾದ ಸಭೆಯ ಕೊನೇವರೆಗೂ ಮುಟ್ಟಬೇಕು ಅಂತ ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿ ವಯೊಲಿನ್ ಮಾಡಿಸಿಕೊಂಡವರು, ಬೆಂಗಳೂರಿನ ಚೌಡಯ್ಯ ಹಾಲ್ ಕಟ್ಟಡಾನೇ ವಯೊಲಿನ್ ಆಕಾರದಲ್ಲಿದೆಯಲ್ಲ, ಅದಕ್ಕೂ ಏಳು ತಂತಿ. ಕಾರಣ ಬೇರೆ, ದೇಶ ಬೇರೆ, ಆದ್ರೆ ವಾದ್ಯ ಹೇಗಿದೆಯೋ ಹಾಗೇ ಇರಬೇಕು ಅಂತ ಒಪ್ಕೊಳ್ಳದ ಮನಸ್ಸು ಇಬ್ಬರದೂ ಒಂದೇ.

ಹನ್ನೆರಡು, ಸ್ವರ್ಗಾರೋಹಣ. ನಾಲ್ಕು ತಂತಿ ಸ ಗ ಪ ಸ, ಅಂತರ ಗಾಂಧಾರ. ಬೆರಳೇ ಇಡದೆ ಎಳೆದ್ರೂ ಕಹಳೆ ಊದಿದಂಗೆ ಕೇಳುತ್ತೆ, ಬೀಬರ್ ಅಲ್ಲಿ ಕಹಳೆಯವರ ಹಾಡು ಅಂತಾನೇ ಬರೆದಿದ್ದಾರೆ, ಕೆಳಗೆ ಮಂದ್ರದ ವಾದ್ಯ ನಗಾರಿ ಬಾರಿಸಿದಂಗೆ ಬರುತ್ತೆ. ಮಕ್ಕಳನ್ನ ಕರ್ಕೊಂಡು ಹೋದ್ರೆ ಇದಂತೂ ಅವಕ್ಕೆ ಖಂಡಿತ ಇಷ್ಟ ಆಗುತ್ತೆ. ಹದಿಮೂರು ಹದಿನಾಲ್ಕರ ಹೊತ್ತಿಗೆ ಆಕೆಗೂ ಸುಸ್ತಾದಂಗೆ ಕಾಣ್ತು, ಹದಿಮೂರರಲ್ಲಿ ಪವಿತ್ರಾತ್ಮ ಬೆಂಕಿಯ ನಾಲಿಗೆಗಳಾಗಿ ಇಳಿದು ಬರೋ ಜಾಗ ಅಷ್ಟು ಕಾವೇರಲಿಲ್ಲ, ಆದ್ರೆ ಹದಿನಾಲ್ಕರಲ್ಲಿ ಮರಿಯಮ್ಮ ಸ್ವರ್ಗಕ್ಕೆ ಹೋಗೋ ಕುಣಿತ ಬಂದಾಗ ಮತ್ತೆ ಕಳೆ ಬಂತು.

ಕೊನೇದು ಪಸಕಾಲಿಯ. ಪಕ್ಕವಾದ್ಯದವರೆಲ್ಲ ಎದ್ದು ಬದಿಗೆ ಹೋಗಿ ಕೂತ್ರು. ಚಿತ್ರದಲ್ಲಿ ಒಬ್ಬ ಕಾವಲು ದೂತ ಮಗುವಿನ ಕೈ ಹಿಡಿದು ನಡೆಸ್ತಿದ್ದಾನೆ. ಶ್ರುತಿ ಮತ್ತೆ ಮಾಮೂಲಿ ಜಿಡಿಎಇ. ನಾಲ್ಕೇ ಸ್ವರ ಇಳಿಯುತ್ತೆ, ಸ ನಿ ದ ಪ, ಕೈಶಿಕಿ ನಿಷಾದ, ಶುದ್ಧ ಧೈವತ, ನಮ್ಮ ಭೈರವಿ ಅವರೋಹಣದ ಮೊದಲ ನಾಲ್ಕು ಮೆಟ್ಟಿಲು. ಅದೇ ನಾಲ್ಕು ಸ್ವರ 65 ಸಲ ಬರುತ್ತೆ, ಅದರ ಮೇಲೆ ಮಿಕ್ಕ ಸಂಗೀತವೆಲ್ಲ ಕಟ್ಟಿದ್ದಾರೆ, ಎಲ್ಲ ಒಬ್ಬರೇ, ನಾಲ್ಕೇ ತಂತೀಲಿ. ಹದಿನಾಲ್ಕು ಥರ ತಿರುಚಿದ ಶ್ರುತಿ ಕೇಳಿ ಬಂದ ಕಿವಿಗೆ ಮಾಮೂಲಿ ಶ್ರುತೀನೇ ಹೊಸದಾಗಿ ಕೇಳಿಸ್ತು. ಕೆಲವರು ಇದನ್ನ ವೇಗವಾಗಿ ನುಡಿಸಿ ಕೈಚಳಕ ತೋರಿಸ್ತಾರೆ, ಈಕೆ ನಡಿಗೆ ಕಾಲದಲ್ಲೇ ಇಟ್ಟು ಒಂದೊಂದು ಸುತ್ತಿಗೂ ಬಣ್ಣ ಬದಲಾಯಿಸ್ತಾ ಹೋದ್ರು, ನನಗೆ ಅದೇ ಸರಿ ಅನ್ನಿಸ್ತು, ಮಗು ಕೈ ಹಿಡಿದವನು ಓಡಲ್ಲ.

ಇಷ್ಟ ಆಗದೇ ಇದ್ದಿದ್ದು ಕೂಡ ಬರೀಬೇಕು. ಪ್ರತಿ ಸೊನಾಟಕ್ಕೆ ಮುಂಚೆ ಒಬ್ಬರು ಮೈಕ್‌ನಲ್ಲಿ ಬೈಬಲ್ ಭಾಗ ಓದ್ತಿದ್ರು. ಓದೋದು ತಪ್ಪಲ್ಲ, ಕಥೆ ತಿಳಿಯುತ್ತೆ, ಆದ್ರೆ ಕರುಳಿನ ತಂತಿಯ ಸಣ್ಣ ನಾದಕ್ಕೆ ಹೊಂದ್ಕೊಂಡ ಕಿವಿಗೆ ಸ್ಪೀಕರ್ ಸದ್ದು ಬಡಿದ್ರೆ ಮತ್ತೆ ಹೊಂದ್ಕೊಳ್ಳೋಕೆ ಎರಡು ನಿಮಿಷ ಬೇಕು, ಆ ಎರಡು ನಿಮಿಷದಲ್ಲಿ ಮುಂದಿನ ಸೊನಾಟದ ಶುರು ಕಳೆದುಹೋಗುತ್ತೆ. ಮೈಕ್ ಇಲ್ದೆ ಓದಿದ್ರೆ ಸಾಕಿತ್ತು, ಅಂಥ ಕಟ್ಟಡದಲ್ಲಿ ಮಾತು ತಾನಾಗೇ ತಲುಪುತ್ತೆ. ಕರಪತ್ರ ಜರ್ಮನ್‌ನಲ್ಲಿ ಮಾತ್ರ, ಹದಿನಾರು ಚಿತ್ರಗಳನ್ನೂ ಅಂಚೆಚೀಟಿ ಗಾತ್ರಕ್ಕೆ ಅಚ್ಚು ಮಾಡಿದ್ರು, ಮಂದ ಬೆಳಕಲ್ಲಿ ಯಾರಿಗೂ ಕಾಣ್ತಿರಲಿಲ್ಲ. ಯಾವ ಸೊನಾಟಕ್ಕೆ ಯಾವ ಶ್ರುತಿ ಅಂತ ಎಲ್ಲೂ ಹಾಕಿರಲಿಲ್ಲ, ಇದು ಮಾತ್ರ ನನಗೆ ನಿಜವಾಗ್ಲೂ ಬೇಜಾರು, ಬೀಬರ್ ಸ್ವತಃ ಪ್ರತಿ ಸೊನಾಟದ ಮೊದಲಲ್ಲಿ ಶ್ರುತಿ ಬರೆದಿಟ್ಟಿರುವಾಗ ಕೇಳೋರಿಗೆ ಅದನ್ನ ಹೇಳದೇ ಇದ್ರೆ ಹೇಗೆ.

ಸೀಟ್ ಬಗ್ಗೆ. ಮೊದಲ ಭಾಗ ಹಿಂದೆ ಕಂಬದ ಪಕ್ಕ ಕೂತು ಕೇಳಿದ್ವಿ, ಚರ್ಚ್‌ನ ಪ್ರತಿಧ್ವನಿ ಜಾಸ್ತಿ, ನಿಧಾನದ್ದೆಲ್ಲ ಅಮೃತ, ಓಟದ ಜಾಗಗಳು ಕಲಸಿಹೋದ್ವು. ವಿರಾಮ ಆದ್ಮೇಲೆ ಮುಂದಿನ ಸಾಲಲ್ಲಿ ಬದಿಗೆ ಖಾಲಿ ಇತ್ತು, ಅಲ್ಲಿಗೆ ಹೋದ್ವಿ, ಕಮಾನು ತಂತಿಗೆ ಹತ್ತೋ ಸದ್ದು ಸಮೇತ ಕೇಳಿಸ್ತು. ಹಾಗಾಗಿ ಮುಂದಿನ ಏಳೆಂಟು ಸಾಲಿಗೇ ಟಿಕೆಟ್ ತಗೊಳ್ಳಿ, ಹತ್ತು ಯೂರೋ ಜಾಸ್ತಿ ಆದ್ರೂ ಪರವಾಗಿಲ್ಲ. ಸಂಗೀತವೇ ಎರಡು ಗಂಟೆ ದಾಟುತ್ತೆ, ಓದು, ವಿರಾಮ, ಶ್ರುತಿ ಎಲ್ಲ ಸೇರಿ ಮೂರು ಗಂಟೆ ಅಂತ ಇಟ್ಕೊಳ್ಳಿ, ಮರದ ಬೆಂಚು, ಕಲ್ಲಿನ ನೆಲ, ಅಕ್ಟೋಬರ್ ಚಳಿ, ಒಂದು ಶಾಲು ಮತ್ತೆ ಕೂರೋಕೆ ದಪ್ಪನೆಯದು ಏನಾದ್ರೂ ತಗೊಂಡು ಹೋಗಿ. ಎಲ್ಲ ಹದಿನಾರೂ ಒಂದೇ ಸಂಜೆ ಇಡೋ ಕಾರ್ಯಕ್ರಮಾನೇ ಆರಿಸಿ, ಕೆಲವು ಕಡೆ ನಾಲ್ಕೈದು ಮಾತ್ರ ಆಯ್ದು ನುಡಿಸ್ತಾರೆ, ಅದ್ರಲ್ಲಿ ಎರಡನೇದೂ ಆರನೇದೂ ಎರಡೂ ಇದ್ರೆ ಹೋಗಿ, ಇಲ್ಲಾಂದ್ರೆ ಶ್ರುತಿ ವ್ಯತ್ಯಾಸ ಕಿವಿಗೆ ಸಿಗಲ್ಲ.

ಮ್ಯೂನಿಕ್‌ನಿಂದ ಹೋಗೋರಿಗೆ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದ ಒಂದು ದಿನದ ರೈಲು ಟಿಕೆಟ್) ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ನಡೆಯುತ್ತೆ, ಲೋಕಲ್ ರೈಲಲ್ಲಿ ಸುಮಾರು ಎರಡು ಗಂಟೆ, ಐವರವರೆಗೂ ಒಂದೇ ಟಿಕೆಟ್‌ನಲ್ಲಿ ಹೋಗಬಹುದು, ಮಾರನೇ ದಿನ ಬೆಳಗಿನ ಜಾವ ಮೂರರವರೆಗೂ ಚಾಲ್ತಿ ಇರುತ್ತೆ. ರಾತ್ರಿ ವಾಪಸ್ ರೈಲು ಕಮ್ಮಿ, ಟೈಮ್ ನೋಡ್ಕೊಂಡು ಹೋಗಿ, ಪಸಕಾಲಿಯ ಮಧ್ಯೆ ಎದ್ದು ಓಡೋ ಹಾಗಾಗಬಾರದು.